ಅತ್ತಿಯವರ ನಿಂಬಿಹಣ್ಣು

ನಮ್ಮ ಮನಿಯವರಿಗೆ ಬ್ಯಾಂಕಿನ ಬದಲಿ ಆಗಿ ವಿಜಯಪುರದಿಂದ ಮಹಾರಾಷ್ಟ್ರದ ಸಂಭಾಜಿನಗರಕ್ಕ ಬಂದಾಗ ಈ ಓಣಿ ನೋಡಿ ಖುಷಿಪಟ್ಟಿದ್ದೆ. ಆ ಖುಷಿ ಮರುದಿನ ಮುಂಜಾನಿ ಏಳರ ತನಕಾನ ಇತ್ತು. ಶೇಂದ್ರಾದ ಕಾರ್ಖಾನಿಗೆ ಹೋಗೋ ಮಂದಿಗೆ ನಮ್ಮ ಓಣಿನ ಅಡ್ಡದಾರಿ. ಬೈಕುಗಳು ಹೊಂಟರ ಕಿಡಕಿ ಗಾಜು ನಡಗತಿದ್ದವು. ಅದ ಹೊತ್ತಿಗೆ ನನ್ನ ಮಗಳು ರಸ್ತೆ ದಾಟಿ, ಎದುರಿನ ಬೇವಿನ ಗಿಡದ ಕೆಳಗ ಸಾಲಿ ವ್ಯಾನಿಗೆ ನಿಲ್ಲಬೇಕು. ಒಂದ್ಸಲ ಒಂದು ಬೈಕು ಆಕಿ ಚೀಲಕ್ಕ ತಗಲಿ ಹೋತು. ಅವತ್ತಿಂದ ನನಗ ಜೀವದಾಗ ಜೀವ ಇರಲಿಲ್ಲ. ಸ್ಪೀಡ್ ಬ್ರೇಕರ್ ಹಾಕಸ್ರಿ ಅಂತ ಕೇಳಬೇಕಾದವರನ್ನೆಲ್ಲ ಕೇಳಿದ್ವಿ. ನೋಡೋಣ ಅಂದ್ರು. ಇನ್ನೂ ನೋಡಕೊಂತನ ಅದಾರ.

ನಮ್ಮ ಅತ್ತಿಯವರಿಗೆ ಕಿವಿ ಪೂರಾ ಹೋಗಿತ್ತು, ತಲಿ ಮಾತ್ರ ಭಾಳ ಓಡತಿತ್ತು. ಒಂದಿನ ಮುಂಜಾನಿ ಮೊಮ್ಮಗಳ ದೃಷ್ಟಿ ತಗದು, ಕೊಯ್ದು ಕುಂಕುಮ ತುಂಬಿದ ನಿಂಬಿಹಣ್ಣನ್ನ ಗೇಟಿನ ಮುಂದ ನಡು ರಸ್ತೆದಾಗ ಇಟ್ಟ ಬಂದ್ರು. ಮೂರು ದಾರಿ ಕೂಡೋ ಕಡೆ ಇಡೋದು ಬಿಟ್ಟು ಇಲ್ಯಾಕ್ರಿ ಅಂತ ಕೈಸನ್ನಿ ಮಾಡಿ ಕೇಳಿದೆ.

"ಸುಮ್ಮನ ನೋಡ್ತಿರು," ಅಂದ್ರು.

ನೋಡಿದೆ. ಬೈಕುಗಳು ಬಂದ್ವು, ಹಣ್ಣು ಕಂಡ ಕೂಡಲೇ ಬ್ರೇಕ್. ಯಾರಿಗೂ ಅದನ್ನ ತುಳಿಯೋ ಧೈರ್ಯ ಇಲ್ಲ. ಹೆಲ್ಮೆಟ್ಟಿನೊಳಗ ದೇವರ ಹೆಸರು ಗೊಣಗಿಕೊಂತ ಮೆಲ್ಲಕ ಬದಿಯಿಂದ ದಾಟಿದ್ರು. ಮಗಳು ಆರಾಮ ರಸ್ತೆ ದಾಟಿದ್ಲು. ಅತ್ತಿ ಸೊಸಿ ಇಬ್ಬರೂ ಹೊಟ್ಟಿ ಹಿಡಕೊಂಡು ನಕ್ವಿ. ಮುಂದ ದಿನಾ ಅದ ನಡೀತು.

ಹಣ್ಣು ಕಂಡರ ಗಾಡಿ ನಿಧಾನ ಆಗತಾವ ಅಷ್ಟ ಅಲ್ಲ, ಪಕ್ಕಕ್ಕ ಹೊರಳತಾವ ಅನ್ನೋದು ನಮ್ಮಿಬ್ಬರ ತಲಿಗೂ ಹೊಳೀಲಿಲ್ಲ. ಥಂಡಿ ದಿನದ ಮಂಜಿನಾಗ ಒಬ್ಬ ಬೈಕಿನಾಂವಗ ಹಣ್ಣು ತಡಾಗಿ ಕಂಡು, ಗಾಡಿ ಗೇಟಿನ ಕಡೆ ಹೊರಳಿಸಿದ. ಮೊಮ್ಮಗಳು ದಾಟೋತನಕ ಒಳಗ ಬರಬಾರದು ಅಂತ ಅತ್ತಿಯವರು ಅಲ್ಲೇ ನಿಂತಿದ್ರು. ಆಂವ ಒಂದ ಸಮನ ಹಾರ್ನ್ ಹೊಡದ. ಅಡಿಗಿಮನಿಯೊಳಗಿದ್ದ ನನಗ ಕೇಳಿಸ್ತು. ಅವರಿಗೆ ಕೇಳಿಸಲಿಲ್ಲ.

ಅವರು ಹೋದ ಮ್ಯಾಲ ನಿಂಬಿಹಣ್ಣು ಮನಿಗೆ ತರೋದ ಬಿಟ್ಟೆ. ಕಂಡರ ಸಿಟ್ಟು ಬರತಿತ್ತು. ದಿನಕರ್ಮ ಮುಗದು ಮಗಳು ಮತ್ತ ಸಾಲಿಗೆ ಹೊಂಟಾಗ ಆಕಿ ಕೈ ಹಿಡಕೊಂಡು ನಾನ ಗೇಟಿಗೆ ಬಂದು ನಿಂತೆ. ರಸ್ತೆದಾಗ ಏನೂ ಇರಲಿಲ್ಲ. ಬೈಕುಗಳು ಬಂದ್ವು, ಅದ ಜಾಗಾದಾಗ ಬ್ರೇಕ್ ಹಾಕಿದ್ರು. ರೂಢಿ ಬಿದ್ದದ ಅಂದುಕೊಂಡೆ. ಆದರ ಮೊದಲಿನಂಗ ಎರಡೂ ಬದಿಯಿಂದ ಅಲ್ಲ, ಗೇಟಿನ ಬದಿ ಬಿಟ್ಟು ಆಚಿ ಬದಿಯಿಂದ ಅಷ್ಟ ಹೋಗತಿದ್ರು. ಯಾಕ ಅಂತ ಒಬ್ಬರನ್ನೂ ಕೇಳಲಿಲ್ಲ. ಕೇಳಾಕ ಅಂಜಿಕಿ ಬರತಿತ್ತು.

ಮೊನ್ನೆ ಮುಂಜಾನಿ ನಾವಿಬ್ಬರೂ ಗೇಟಿನಾಗ ನಿಂತಾಗ ಗ್ಯಾಸ್ ಸಿಲಿಂಡರ್ ತರೋ ಟೆಂಪೋದವ ಬಂದ. ನಮ್ಮ ಓಣಿಗೆ ಹೊಸಬ, ನಮ್ಮನಿ ಸುದ್ದಿ ಯಾವುದೂ ಗೊತ್ತಿಲ್ಲ. ನಮ್ಮ ಗೇಟಿನ ಹತ್ತರ ಗಾಡಿ ನಿಂದರಿಸಿ ಹಾರ್ನ್ ಹೊಡದ. ಮತ್ತ ಹೊಡದ. ಮುಂದ ರಸ್ತೆ ಖಾಲಿ. ಅಷ್ಟರಾಗ ಮಗಳು ಅವನ ಮುಂದಿಂದ ಓಡಿ ಬೇವಿನ ಗಿಡ ಮುಟ್ಟಿದ್ಲು.

ಆಂವ ಹೊರಗ ತಲಿ ಹಾಕಿ ಮರಾಠಿಯೊಳಗ ಅಂದ, "ತಾಯೀ, ನಿಮ್ಮ ಆಜಿಗೆ ಸ್ವಲ್ಪ ಹೇಳ್ರಿ. ಎಷ್ಟು ಹಾರ್ನ್ ಹೊಡದರೂ ಸರಿವಲ್ರು."

ಖಾಲಿ ರಸ್ತೆ ಕಡೆ ಇನ್ನೊಮ್ಮೆ ನೋಡಿದೆ. ಬಾಯಿಗೆ ಮಾತು ತಾನ ಬಂತು.

"ಅವರಿಗೆ ಕಿವಿ ಕೇಳಸೂದಿಲ್ರಿ," ಅಂದೆ. "ನೀವ ಸಾವಕಾಶ ಹೋಗ್ರಿ."