ಮಲಗಿಸಿಟ್ಟ ಬೆಳಗು

ಸತ್ತವರು ನಮಗಾಗಿ ಎಲ್ಲೋ ಕಾದಿರುತ್ತಾರೆ ಎಂಬ ಮಾತನ್ನು ನಾನು ಎಂದೂ ನಂಬಿದವಳಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಮೊಮ್ಮಕ್ಕಳೇ, ಫೋಟೊಗಳೆಲ್ಲ ಕ್ಲೌಡಿನಲ್ಲಿವೆ, ಎಲ್ಲಿಗೂ ಹೋಗುವುದಿಲ್ಲ ಎಂದು ನೀವು ಹೇಳುವಾಗ ನಾನು ಯಾಕೆ ಸುಮ್ಮನಾಗುತ್ತೇನೆ ಎಂದು ಕೇಳಿದಿರಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಮುತ್ಯಾ ಮಹಾರಾಷ್ಟ್ರದೊಳಗಿನ ಜತ್ತದ ಒಂದು ಕಾಲೇಜಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದರು. ನಮ್ಮೂರು ಸನಮಡಿಯಿಂದ ದಿನವೂ ಹೋಗಿ ಬರುತ್ತಿದ್ದರು. ಬುತ್ತಿ ಮರೆತ ದಿನ ನಾನು ಬಸ್ಸು ಹಿಡಿದು ಒಯ್ಯುತ್ತಿದ್ದೆ. ಅವರ ಕೋಣೆಯ ಬಾಗಿಲು ಮಾತ್ರ ದಾಟುತ್ತಿರಲಿಲ್ಲ. ಓದಿದವರ ನಡುವೆ ಕೂರಲು ನನಗೆ ನಾಚಿಕೆ. ಅವರ ಜೊತೆ ಕೆಲಸ ಮಾಡುತ್ತಿದ್ದ ದಸ್ತಗೀರ ನನ್ನನ್ನು ಅತ್ತಿಗೆಯೆಂದೇ ಕರೆದು ಪ್ರತಿ ಸಲವೂ ಚೇಷ್ಟೆ ಮಾಡುತ್ತಿದ್ದರು: “ಒಳಗ ಬರ್ರಿ ವೈನಿ. ಮಷೀನು ಕಚ್ಚೂದಿಲ್ಲ. ನಿಮ್ಮವ್ರು ಕಚ್ಚಿದ್ರ ನಾ ಅದೀನಿ.”

ನಾನು ಬಾಗಿಲಲ್ಲೇ ನಿಂತು ಪರದೆಯ ಮೇಲೆ ಓಡುವ ಹಸಿರು ಗೆರೆಯನ್ನು ನೋಡುತ್ತಿದ್ದೆ. ಯಂತ್ರಕ್ಕೆ ಕೆಲಸ ಹೆಚ್ಚಾದರೆ ಅದು ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಅದರ ನಾಡಿ ಅಂದುಕೋ ಎಂದು ನಿಮ್ಮ ಮುತ್ಯಾ ಹೇಳಿದ್ದರು.

ಅಲ್ಲಿಯ ಹಳೆಯ ಸರ್ವರು ಕೈಕೊಡುವ ಹಾಗಾಗಿತ್ತು. ಅದರೊಳಗಿದ್ದುದನ್ನೆಲ್ಲ ಅವರು ಹೊಸ ಯಂತ್ರದೊಳಗೆ ಇಳಿಸಿದರು. ಹಳೆಯದು ಮೈಯಿಲ್ಲದೆ, ಹೊಸದರ ಹೊಟ್ಟೆಯಲ್ಲಿ, ಮೊದಲಿನಂತೆಯೇ ನಡೆಯತೊಡಗಿತು. ಅದೇ ವರ್ಷ ಖಂಡೆಪೂಜೆ ಬಂತು. ಅಂದು ಕುಡಗೋಲಾಗಲಿ ಹೊಲಿಗೆ ಯಂತ್ರವಾಗಲಿ, ದುಡಿಯುವ ವಸ್ತುವಿಗೆಲ್ಲ ಪೂಜೆ ಮಾಡಿ ವಿಶ್ರಾಂತಿ ಕೊಡುತ್ತೇವಲ್ಲ.

“ಮೈಯ ಇಲ್ಲದ್ದಕ್ಕ ವಿಭೂತಿ ಎಲ್ಲಿ ಹಚ್ಚತೀರಿ?” ಎಂದೆ.

“ಪರದಿ ಗಾಜಿಗೆ ಹಚ್ಚತೀನಿ. ಆಮ್ಯಾಲ ಇದ್ದದ್ದು ಇದ್ದಂಗ ಮಲಗಸ್ತೀನಿ. ಎಬ್ಬಿಸೂತನಕ ಅದಕ್ಕ ಹೊತ್ತು ಹೋದದ್ದ ಗೊತ್ತಾಗೂದಿಲ್ಲ ನೋಡು” ಎಂದು ನಗುತ್ತ ಹೋದರು.

ಪೂಜೆ ಮುಗಿಸಿ ಬಂದವರು ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡರು. ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಎರಡು ತಿಂಗಳ ಮೇಲೆ ದಸ್ತಗೀರ ಹೇಳಿ ಕಳಿಸಿದರು. ನಿಮ್ಮ ಮುತ್ಯಾನ ಸಾಮಾನು ಒಯ್ಯಬೇಕಿತ್ತು. ಮರುದಿನ ಹಳೆಯ ಸರ್ವರನ್ನು ಅಳಿಸಲಿದ್ದರು. ಅದರಲ್ಲಿದ್ದ ದಾಖಲೆಗಳ ಪ್ರತಿ ಬೇರೆ ಕಡೆ ಇತ್ತಂತೆ. ಅವರು ಮಲಗಿಸಿದ್ದನ್ನು ಅಲ್ಲಿಯವರೆಗೆ ಯಾರೂ ಎಬ್ಬಿಸಿರಲಿಲ್ಲ. ಬಸ್ಸಿನಲ್ಲಿ ನನಗೆ ಅದೊಂದೇ ಯೋಚನೆ. ಹಾಗಾದರೆ ಅದರೊಳಗೆ ಇನ್ನೂ ಅದೇ ಬೆಳಗು ಇದೆ. ಅವರಿನ್ನೂ ಮನೆಗೆ ಬಂದಿಲ್ಲ, ಊಟಕ್ಕೆ ಕೂತಿಲ್ಲ. ಅಳಿಸುವ ಮೊದಲು ಆ ಬೆಳಗನ್ನು ಒಮ್ಮೆ ನೋಡಬೇಕು.

ಅಂದು ಮೊದಲ ಸಲ ಆ ಬಾಗಿಲು ದಾಟಿದೆ. “ಒಮ್ಮೆ ಎಬ್ಬಿಸಿ ತೋರಸ್ತೀರಿ?” ಎಂದು ಕೇಳಿದೆ. ದಸ್ತಗೀರ ಚೇಷ್ಟೆ ಮಾಡಲಿಲ್ಲ. ನಿಮ್ಮ ಮುತ್ಯಾನ ಕುರ್ಚಿಯನ್ನೇ ಒರೆಸಿ ಮುಂದಿಟ್ಟರು. “ಕುಂದ್ರಿ ವೈನಿ.” ನಾನು ಕೂರಲಿಲ್ಲ.

ಪರದೆ ಬೆಳಗಿತು. ಹಸಿರು ಗೆರೆ ಒಮ್ಮೆಲೆ ಏರಿತು. ಮೂಲೆಯ ಗಡಿಯಾರದಲ್ಲಿ ಖಂಡೆಪೂಜೆಯ ದಿನ, ಹನ್ನೊಂದಕ್ಕೆ ಹತ್ತು ನಿಮಿಷ. ನಡುವೆ ಒಂದು ಸಣ್ಣ ಪುಟ ತೆರೆದಿತ್ತು. ಮರಾಠಿ ಶಾಲೆಯಲ್ಲಿ ಓದಿದ ಅವರು ಬರೆಯುತ್ತಿದ್ದ ಹಾಗೆಯೇ, ಮರಾಠಿ ಅಕ್ಷರದಲ್ಲಿ ನಮ್ಮ ಮನೆಯ ಕನ್ನಡ:

“ಬಂದ್ಯಾ? ನಿಂತಿರಬ್ಯಾಡ, ಕುಂದ್ರು.”

ದಸ್ತಗೀರ ಮೌಸಿನಿಂದ ಕೈ ತೆಗೆದುಬಿಟ್ಟರು. “ಇದು ಇರಲಿಲ್ಲ ವೈನಿ. ಮಲಗಸೂ ಮುಂದ ನಾ ಬಾಜೂಕ ನಿಂತಿದ್ನಿ. ಪರದಿ ಖಾಲಿ ಇತ್ತು. ಅಲ್ಲಾನ ಆಣಿ.”

ನಾನು ಕೂತೆ. ಕೂತು ಸೆರಗು ಸರಿಮಾಡಿಕೊಂಡು ತಲೆ ಎತ್ತುವಷ್ಟರಲ್ಲಿ ಗಡಿಯಾರ ಬದಲಾಗಿತ್ತು. ನಾನು ಹೋದ ದಿನದ್ದೇ ತಾರೀಖು, ಅದೇ ಮಧ್ಯಾಹ್ನದ ಹೊತ್ತು. “ಹೊರಗಿನ ಮಷೀನು ಒಳಗಿಂದಕ್ಕ ಖರೇ ಹೊತ್ತು ಹೇಳತೈತಿ, ವೈನಿ” ಎಂದು ದಸ್ತಗೀರ ಮೆಲ್ಲಗೆ ಹೇಳಿದರು. ಎಬ್ಬಿಸೆಂದವಳು ನಾನೇ. ಉಳಿದಿದ್ದ ಆ ಒಂದು ಬೆಳಗನ್ನೂ ನಾನೇ ಮುಗಿಸಿದ್ದೆ.

ಎಂದೋ ಒಂದು ದಿನ ನನ್ನನ್ನು ನಗಿಸಲು ನಿಮ್ಮ ಮುತ್ಯಾನೇ ಬರೆದಿಟ್ಟಿರಬಹುದು, ದಸ್ತಗೀರ ಮರೆತಿರಬಹುದು. ಹಾಗೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಹಬ್ಬದ ದಿನ ನಾನು ಎಂದೂ ಅಲ್ಲಿಗೆ ಹೋದವಳಲ್ಲ, ಅದು ಅವರಿಗೂ ಗೊತ್ತಿತ್ತು. ಆ ಮಾತು ಅಲ್ಲಿಗೆ ಹೇಗೆ ಬಂತೋ ನನಗೆ ಇವತ್ತಿಗೂ ತಿಳಿಯದು. ಆ ಬೆಳಗು ಇದ್ದಷ್ಟು ಹೊತ್ತು ಅದನ್ನೇ ನೋಡಬೇಕಿತ್ತು. ಸೆರಗು ಆಮೇಲೆ ಸರಿಮಾಡಿಕೊಳ್ಳಬಹುದಿತ್ತು.