ಹೆಪ್ಪಿನ ಬಟ್ಟಲು

ನಮ್ಮ ಅಡುಗೆಮನೆಯಲ್ಲಿ ಅಂಚು ನಜ್ಜಾದ ಸ್ಟೀಲಿನ ಬಟ್ಟಲೊಂದಿದೆ. ಅದು ನಮ್ಮದೋ ಪಕ್ಕದ ಮನೆ ಗಂಗಮ್ಮನದೋ ಈಗ ಯಾರಿಗೂ ನೆನಪಿಲ್ಲ. ನಮ್ಮ ಮೊಸರು ಕೆಟ್ಟ ದಿನ ಅದರಲ್ಲಿ ಆಚೆ ಮನೆಯ ಹೆಪ್ಪು ಬರುತ್ತದೆ, ಅವರದು ಕೆಟ್ಟರೆ ನಮ್ಮದು ಹೋಗುತ್ತದೆ. ಬಟ್ಟಲನ್ನು ಬರಿದಾಗಿ ಮರಳಿಸುವುದುಂಟೇ, ಚಿಟಿಕೆ ಸಕ್ಕರೆಯಾದರೂ ಅದರಲ್ಲಿರಬೇಕು. ಅಸಲಿಗೆ ಎರಡೂ ಮನೆಯ ಹೆಪ್ಪು, ನನ್ನ ಹೆಂಡತಿ ಶಾರದೆ ಮದುವೆಯಾಗಿ ಹೊಳಲ್ಕೆರೆಗೆ ಬಂದಾಗ ಹಿರಿಯೂರಿನ ತವರಿನಿಂದ ತಂದದ್ದು. ನಾನು ಇದನ್ನು ಬರೀ ಮೊಸರಿನ ವಿಚಾರ ಅಂದುಕೊಂಡಿದ್ದೆ ನೋಡಿ.

ಒಂದು ಕೆಟ್ಟ ಜ್ವರದ ನಂತರ ಶಾರದೆಗೆ ಕಿವಿ ಪೂರ್ತಿ ಹೋಯಿತು. ಈಗ ಅವಳ ಕಿವಿಯೆಂದರೆ ಮೊಬೈಲು: ಎದುರಿನವರು ಆಡಿದ್ದೆಲ್ಲ ಪರದೆಯ ಮೇಲೆ ಕನ್ನಡದ ಅಕ್ಷರವಾಗಿ ಮೂಡುತ್ತದೆ. ಚಿತ್ರದುರ್ಗದಲ್ಲಿ ಕೂತು ಇದನ್ನು ನಡೆಸುವ ಹುಡುಗಿಯರ ಸಣ್ಣ ತಂಡದಲ್ಲಿ ನನ್ನ ತಂಗಿಯ ಮಗಳು ಸವಿತಾ ಇದ್ದಾಳೆ. ಮಾತನ್ನು ಅಕ್ಷರವಾಗಿಸುವ ಕೆಲಸ ಕ್ಲೌಡಿನಲ್ಲಿ ಆಗುತ್ತದಂತೆ. ಮೋಡವೂ ಇಲ್ಲ ಮಣ್ಣೂ ಇಲ್ಲ, ಎಲ್ಲೋ ದೂರದ ಕಟ್ಟಡಗಳಲ್ಲಿರುವ ಕಂಪ್ಯೂಟರುಗಳನ್ನು ಕಂಪನಿಗಳು ಬಾಡಿಗೆಗೆ ಕೊಡುತ್ತವೆ, ಅಷ್ಟೇ.

“ಒಂದೇ ಕಂಪನಿ ಸಾಲದೇನೇ?” ಎಂದು ಕೇಳಿದ್ದೆ.

“ಅದು ಮಲಗಿಬಿಟ್ರೆ ಅತ್ತೆ ಏನು ಮಾಡ್ಬೇಕು ಮಾವ? ಮೂರು ಕಂಪನಿಗೆ ಹಂಚೀವಿ. ಎಲ್ಲಿ ಜಾಗ ಖಾಲಿ ಐತೋ ಕೆಲ್ಸ ಅಲ್ಲಿಗೆ ಹೋಗ್ತೈತೆ.”

ಒಂದೊಂದು ಕಂಪನಿಗೂ ಒಂದೊಂದು ರೀತಿ ರಿವಾಜು. ಯಾವ ಮನೆ ಹೊಕ್ಕರೂ ಹೊಂದಿಕೊಳ್ಳುವ ಹಾಗೆ ಕೆಲಸವನ್ನು ಅಣಿಮಾಡಿಡುವುದೇ ಕಷ್ಟವಂತೆ. ನಾನು ಹೂಂಗುಟ್ಟಿದೆ, ತಲೆಗೇನೂ ಹೋಗಲಿಲ್ಲ.

ಕಳೆದ ತಿಂಗಳು ಶಾರದೆಯ ಅಕ್ಕ ರುದ್ರಮ್ಮನಿಗೆ ಹೃದಯದ ಆಪರೇಷನ್. ವೈದ್ಯರು ಭರವಸೆ ಕೊಟ್ಟಿರಲಿಲ್ಲ. ಒಳಗೆ ಕರೆದೊಯ್ಯುವ ಮುಂಚೆ ತಂಗಿಯ ಜೊತೆ ಮಾತಾಡಲೇಬೇಕೆಂದು ಹಟ ಹಿಡಿದು ಆಸ್ಪತ್ರೆಯಿಂದ ವಿಡಿಯೋ ಕರೆ ಮಾಡಿಸಿದರು. ಅಕ್ಕತಂಗಿಯರ ಮಾತು, ನಿಮಗೇನು ಕೆಲಸ ಎಂದು ಶಾರದೆ ನನ್ನನ್ನು ಆಚೆ ಅಟ್ಟಿದ್ದಳು. ಅಕ್ಕನ ದನಿ ಕೇಳದಷ್ಟು ದೂರದಲ್ಲಿ, ಬಾಗಿಲ ಹತ್ತಿರ ನಿಂತಿದ್ದೆ. ಶಾರದೆ ಆಮೇಲೆ ಹೇಳಿದಂತೆ, ಪರದೆಯ ಮೇಲೆ “ಅಳಬ್ಯಾಡ ಕಣೇ, ಕೇಳಿಲ್ಲಿ” ಎಂಬಲ್ಲಿಗೆ ಅಕ್ಷರ ನಿಂತುಬಿಟ್ಟಿತು. ಅಕ್ಕನ ತುಟಿ ಅಲ್ಲಾಡುತ್ತಲೇ ಇದೆ, ಕೆಳಗೆ ಏನೂ ಮೂಡುತ್ತಿಲ್ಲ. ಶಾರದೆ ಮೊಬೈಲನ್ನು ಅಲ್ಲಾಡಿಸಿದಳು, ದಿಕ್ಕು ತೋಚದೆ ನನ್ನತ್ತ ತಿರುಗಿದಳು. ಇದೇ ಕೊನೆಯ ಮಾತಾದರೆ?

ನಾನು ಒಳಗೆ ಓಡುವಷ್ಟರಲ್ಲಿ ಅಕ್ಷರಗಳು ಒಂದರ ಹಿಂದೊಂದು ಬಂದವು, ತಡೆದು ನಿಂತ ಮಾತೂ ಸೇರಿ: “ನಾನು ಬಂದೇ ಬರ್ತೀನಿ. ಮನೆಗೆ ಬೀಗ ಹಾಕೈತೆ, ನನ್ನ ಹೆಪ್ಪು ಹಾಳಾಗಿರ್ತೈತೆ. ನಿಂದು ತೆಗೆದಿಟ್ಟಿರು.”

ಶಾರದೆ ಅಳುತ್ತಲೇ ನಕ್ಕಳು.

ಒಂದು ಕಂಪನಿಯ ಕಂಪ್ಯೂಟರುಗಳು ನಿಂತುಹೋಗಿದ್ದವು, ಅರ್ಧಕ್ಕೆ ಉಳಿದ ಮಾತನ್ನು ಇನ್ನೊಂದು ಕಂಪನಿಯವು ಎತ್ತಿಕೊಂಡವು ಎಂದು ಸವಿತಾ ಆಮೇಲೆ ಹೇಳಿದಳು. ಅಬ್ಬಾ! ಸಂತೆಯಲ್ಲಿ ಎದುರುಬದುರು ಅಂಗಡಿ ಹಾಕಿದವರ ಹಾಗೆ ಪೈಪೋಟಿಗೆ ಬಿದ್ದವರ ನಡುವೆ, ಒಬ್ಬ ಹೆಂಗಸಿನ ಮಾತು ಒಂದು ಹನಿ ಚೆಲ್ಲದೆ ಕೈಯಿಂದ ಕೈಗೆ ದಾಟಿತಲ್ಲ. ಇದನ್ನು ಮೊದಲೇ ಯೋಚಿಸಿಟ್ಟ ಆ ಹುಡುಗಿಯರ ಬುದ್ಧಿಗೆ ಶಹಭಾಸ್ ಅನ್ನದೆ ಇರಲಾರೆ.

ರುದ್ರಮ್ಮ ಹುಷಾರಾಗಿ ಸುಧಾರಿಸಿಕೊಳ್ಳಲು ನಮ್ಮಲ್ಲಿಗೇ ಬಂದರು. ಆದರೆ ಆಸ್ಪತ್ರೆಗೆ ಓಡಾಡಿದ ಗಡಿಬಿಡಿಯಲ್ಲಿ ನಮ್ಮ ಹೆಪ್ಪೂ ಹಾಳಾಗಿತ್ತು! ಶಾರದೆ ಪೆಚ್ಚಾಗಿ ನಿಂತಾಗ ಗಂಗಮ್ಮನ ಮನೆಯಿಂದ ಅದೇ ನಜ್ಜುಬಟ್ಟಲು ಬಂತು. ಮರುದಿನ ಮೊಸರನ್ನ ಬಾಯಿಗಿಟ್ಟ ರುದ್ರಮ್ಮ ಕಣ್ಣು ಮುಚ್ಚಿ ಏನೋ ಅಂದರು, ಶಾರದೆ ಪರದೆಯಲ್ಲಿ ಓದಿಕೊಂಡಳು: “ಅವ್ವನ ಕೈ ಮೊಸರೇ ಕಣೇ ಇದು.”

ಬಟ್ಟಲು ತೊಳೆದು ಮರಳಿಸಲು ಈ ಸಲ ನಾನೇ ಹೋದೆ. ಸಕ್ಕರೆ ಚಿಟಿಕೆಯಲ್ಲ, ಬಟ್ಟಲ ತುಂಬ ಹಾಕಿದ್ದೆ.