ಸ್ಕೈಲ್ಯಾಬೂ ನಮ್ಮ ಮನೆಯ ಚಾವಿಯೂ

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ವಠಾರದಲ್ಲಿ ಮನೆಗೆ ಬೀಗ ಹಾಕಿ ಚಾವಿಯನ್ನು ಮಗಳ ಕೊರಳಿಗೆ ಕಟ್ಟುತ್ತಿದ್ದಾಗ, ಎದುರು ಮನೆಯ ದೇಸಾಯಿಯವರು ಹೊರಗೆ ಬಂದು ನಿಂತರು. ಎರಡು ವರ್ಷದ ಹಿಂದೆ ಎಲೆಕ್ಷನ್ ಸಮಯದಲ್ಲಿ ಅವರಿಗೂ ನನ್ನ ಗಂಡನಿಗೂ ಪಕ್ಷದ ವಿಷಯಕ್ಕೆ ಜಗಳವಾಗಿ ಮಾತು ನಿಂತಿತ್ತು. ಅಲ್ಲಿಯವರೆಗೆ ಅವರ ಮನೆಯ ಮೊಳೆಯಲ್ಲಿ ತೂಗುತ್ತಿದ್ದ ನಮ್ಮ ಚಾವಿ ಮಗಳ ಕೊರಳಿಗೆ ಬಂದಿತ್ತು. ನಾವಿಬ್ಬರೂ ಠಾಣೆ ಪಟ್ಟಣದ ಆಫೀಸುಗಳಿಂದ ಕೆಲಸ ಮುಗಿಸಿ ಬರುವವರೆಗೆ, ಶಾಲೆಯಿಂದ ಬಂದ ಅವಳು ಒಬ್ಬಳೇ ಇರುತ್ತಿದ್ದಳು.

ಅದು 1979. ಅಮೆರಿಕದ ಕೆಟ್ಟುಹೋದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಆಕಾಶದಿಂದ ಅಂದು ಯಾರ ತಲೆಯ ಮೇಲೆ ಬೀಳುತ್ತದೋ ಎಂದು ಊರೆಲ್ಲ ಹೆದರಿತ್ತು.

“ಅಕ್ಕಾರ, ಆ ಚಾವಿ ನಮ್ಮ ಮೊಳಿಗೆ ಹಾಕಿ ಹೋಗ್ರಿ. ಆ ಸ್ಕೈಲ್ಯಾಬ್ ಎಲ್ಲೆರ ಬೀಳ್ಲಿ, ಹುಡುಗಿ ಇವತ್ತ ಒಬ್ಬಾಕಿನ ಕುಂದ್ರೂದು ಬ್ಯಾಡ,” ಎಂದರು ದೇಸಾಯಿಯವರು.

ಮಗಳ ಕೊರಳಿನಿಂದ ಬಿಚ್ಚಿ ಚಾವಿ ಕೊಟ್ಟೆ. ಸಂಜೆ ಬಂದಾಗ ಮಗಳು ಅವರ ಮನೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದಳು. ನನ್ನ ಗಂಡ ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವಳ ಪಕ್ಕ ಕುಳಿತರು.

ಆ ಉಪಕಾರವನ್ನು ನಾನು ಇಂದಿಗೂ ಮರೆತಿಲ್ಲ. ಸ್ಕೈಲ್ಯಾಬ್ ದೂರದ ಆಸ್ಟ್ರೇಲಿಯಾದಲ್ಲಿ ಬಿತ್ತು. ಮರುವರ್ಷದ ಎಲೆಕ್ಷನ್ನಿಗೆ ಅವರಿಬ್ಬರೂ ಮತ್ತೆ ಜೋರಾಗಿಯೇ ಜಗಳವಾಡಿದರು. ಚಾವಿ ಮಾತ್ರ ಆ ಮೊಳೆಯಲ್ಲೇ ಇತ್ತು.